ಕೆಂಚನಾಳದ ನಾಲ್ಕು ಗಂಟೆಯ ಕಟ್ಟೆ

2025ರ ನವೆಂಬರ್ 17, ಸೋಮವಾರ. ಬೆಳಿಗ್ಗೆ 11.10ಕ್ಕೆ ಮುರಗೋಡ ಠಾಣೆಯ ಮೆಟ್ಟಿಲು ಹತ್ತಿದ ಸಚಿನನ ಕೈಯಲ್ಲಿ ಎರಡು ಹಾಳೆಯ ದೂರು ಇತ್ತು. ಕೆಂಚನಾಳ ಗ್ರಾಮದವನು, ವಯಸ್ಸು ಮೂವತ್ತೆರಡು. ಹಿಂದಿನ ದಿನ ಸಂಜೆಯಷ್ಟೇ ತಂದೆಯನ್ನು ಮಣ್ಣು ಮಾಡಿ ಬಂದಿದ್ದ. ಕಣ್ಣು ಕೆಂಪಗಿದ್ದವು, ಅಕ್ಷರ ಮಾತ್ರ ಸ್ಪಷ್ಟವಾಗಿತ್ತು.

ದೂರಿನ ಸಾರಾಂಶ ಹೀಗಿತ್ತು. ತಂದೆ ದುಂಡಪ್ಪ, ಅರವತ್ತೊಂದು ವರ್ಷ, ಉಳ್ಳಾಗಡ್ಡಿ, ಅಂದರೆ ಈರುಳ್ಳಿ ಬೆಳೆಯುವ ರೈತ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅಕ್ಟೋಬರ್ 30ರಂದು ಬದುವಿನ ಮೇಲಿದ್ದ ಬೇವಿನ ಗಿಡದ ಟೊಂಗೆ ಕಡಿದ ವಿಷಯಕ್ಕೆ ತಂದೆಗೆ ಅವರ ಚಿಕ್ಕಪ್ಪನ ಮಗ ನೀಲಪ್ಪನ ಜೊತೆ ಜಗಳವಾಗಿ, ನೀಲಪ್ಪ ಸಲಿಕೆಯ ಮರದ ಕಾವಿನಿಂದ ಎಡಗಾಲಿನ ಮೊಳಕಾಲ ಕೆಳಗೆ ಹೊಡೆದ. ಆ ಗಾಯವೇ ಕೊಳೆತು, ತೊಡೆಯವರೆಗೆ ಮಾಂಸ ಕರಗಿ, ನವೆಂಬರ್ 16ರ ಬೆಳಗಿನ 5.40ಕ್ಕೆ ಬೆಳಗಾವಿಯ ಆಸ್ಪತ್ರೆಯಲ್ಲಿ ದುಂಡಪ್ಪ ತೀರಿಕೊಂಡರು.

ಪಿಎಸ್‌ಐ ಪ್ರಣಿತಾ ಕಾಂಬಳೆ ದೂರನ್ನು ಎರಡು ಸಲ ಓದಿದರು. ರಾಮದುರ್ಗದ ಹೆಣ್ಣುಮಗಳು, ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಓದಿದ್ದನ್ನು ಮತ್ತೊಮ್ಮೆ ಓದುವ ಅವರ ಚಾಳಿಗೆ ಹೆಡ್ ಕಾನ್‌ಸ್ಟೆಬಲ್ ಸೋಮಪ್ಪ ಇನ್ನೂ ಹೊಂದಿಕೊಂಡಿರಲಿಲ್ಲ.

"ಹೊಡದ ದಿನ ಯಾಕ ಬರಲಿಲ್ಲ?"

"ಅಪ್ಪ ಬ್ಯಾಡ ಅಂದ್ರಿ. ಅಣ್ತಮ್ಮರ ಜಗಳ, ಪೊಲೀಸರ ಮಟಾ ಒಯ್ಯೂದು ಬ್ಯಾಡ ಅಂದ."

"ದೊಡ್ಡ ದವಾಖಾನಿಗೆ ಯಾವಾಗ ಒಯ್ದ್ರಿ?"

"ಹನ್ನೆರಡನೇ ತಾರೀಖ. ಅವತ್ತ ಮುಂಜಾನಿ ಎದ್ದು ನೋಡಿದ್ರ ಕಾಲು ಕರ್ರಗ ಆಗಿತ್ತು."

"ಅಲ್ಲೀತನಕ?"

"ಊರಾಗ ದಿನಾ ಪಟ್ಟಿ ಕಟ್ಟಿಸ್ತಿದ್ವಿ."

ಯಾರು ಕಟ್ಟುತ್ತಿದ್ದರು ಎಂದು ಆಗ ಯಾರೂ ಕೇಳಲಿಲ್ಲ. ಪ್ರಣಿತಾ ಕೂಡ ಕೇಳಲಿಲ್ಲ. ಅದನ್ನು ಮುಂದೆ ಅವರೇ ಒಪ್ಪಿಕೊಂಡರು. ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಂ, ಅಂದರೆ ಕೊಲೆಯಲ್ಲದ ಮಾನವಹತ್ಯೆಯ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು.

12.30ಕ್ಕೆ ಆರೋಪಿ ತಾನೇ ಬಂದ. ಸಲಿಕೆಯನ್ನು ಹೆಗಲ ಮೇಲೆ ಹೊತ್ತು, ಬಸ್ಸಿನಿಂದ ಇಳಿದು, ನೆಟ್ಟಗೆ ಠಾಣೆಯೊಳಗೆ ಬಂದು ಅದನ್ನು ಸೋಮಪ್ಪನ ಮೇಜಿಗೆ ಒರಗಿಸಿದ.

"ನಾನ ಕೊಂದೇನ್ರಿ. ಬರಕೋರಿ."

ದೂರು, ಆರೋಪಿ, ಆಯುಧ ಮೂರೂ ಒಂದೇ ಮುಂಜಾನೆ ಕಾಲು ನಡೆದು ಬಂದು ಕೂರುವುದು ಪೊಲೀಸರ ಬದುಕಿನಲ್ಲಿ ಅಪರೂಪ. ಸೋಮಪ್ಪ ಖುಷಿಯನ್ನು ಮುಚ್ಚಿಡಲು ಕೆಮ್ಮಿದ. ಪ್ರಣಿತಾ ನೀಲಪ್ಪನಿಗೆ ಕುರ್ಚಿ ತೋರಿಸಿದರು. ಆತ ನೆಲದ ಮೇಲೆ ಕುಳಿತ.

"ಎಷ್ಟು ಪೆಟ್ಟು ಹೊಡದಿ?"

"ಒಂದ."

"ರಕ್ತ ಬಂತೇನು?"

"ಚೂರು ಬಂತ್ರಿ. ನಾನ ಟವೆಲ್ಲಿಲೆ ಒರಿಸಿದೆ."

"ಆಮ್ಯಾಲೆ?"

"ಆಮ್ಯಾಲೆ ಇಬ್ಬರೂ ಅವನ ಮನಿಗೆ ಹೋಗಿ ಚಾ ಕುಡದ್ವಿ." ನೀಲಪ್ಪ ಸಲಿಕೆಯ ಕಡೆ ನೋಡಿದ. "ನಾಕು ದಿನ ಕೊಳತು ಸತ್ತಾನ್ರಿ ಮೇಡಂರ. ನನ್ನ ಕೈಯಾಗ ಸತ್ತಾನ."

ಮಧ್ಯಾಹ್ನ ಊಟ ತರಿಸಿಕೊಟ್ಟರು. ಮುಟ್ಟಲಿಲ್ಲ. ಸಂಜೆ ಸವದತ್ತಿಯ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಕಳಿಸುವಾಗಲೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಆರೋಪ ಸಾಬೀತಾದರೆ ಹತ್ತು ವರ್ಷದವರೆಗೂ ಶಿಕ್ಷೆಯಾಗಬಹುದು ಎಂದು ಯಾರೋ ಹೇಳಿದಾಗ ಆತ ಹೂಂ ಎಂದು ತಲೆಯಾಡಿಸಿದನಂತೆ, ಕಡಿಮೆಯಾಯಿತು ಎನ್ನುವವರ ಹಾಗೆ.

ನವೆಂಬರ್ 18, ಬೆಳಿಗ್ಗೆ 9.30. ಹೊಲದಲ್ಲಿ ಸ್ಥಳ ಪಂಚನಾಮೆ ಮುಗಿಸಿ ಪ್ರಣಿತಾ ಮತ್ತು ಸೋಮಪ್ಪ ದುಂಡಪ್ಪನ ಮನೆಗೆ ಬಂದರು. ಹೆಂಡತಿ ರಾಚವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು.

"ಗಾಯ ಎಷ್ಟು ದೊಡ್ಡದಿತ್ತು, ಅವ್ವಾರ?"

ರಾಚವ್ವ ಹೆಬ್ಬೆರಳಿನ ಉಗುರು ತೋರಿಸಿದರು. "ಇಷ್ಟ, ಯವ್ವಾ. ಎಂಟ ದಿನದಾಗ ಒಣಗಿ ಚೆಕ್ಕಿ ಕಟ್ಟಿತ್ತು."

"ಒಣಗಿತ್ತಾ?"

"ಹೂಂ. ಇನ್ನ ಸಾಕು, ಪಟ್ಟಿ ಬ್ಯಾಡ ಅಂದ್ರು ನಮ್ಮ ಮನಿಯವರು. ಸಚಿನ ಕೇಳಲಿಲ್ಲ. ಸಕ್ಕರಿ ಇದ್ದವರದು ಪೂರಾ ಮಾಯೂತನಕ ಬಿಡಬಾರದು ಅಂತ ದಿನಾ ಗಾಡಿ ಮ್ಯಾಲೆ ಕುಂದರಿಸಿಕೊಂಡು ಒಯ್ದ."

ಪ್ರಣಿತಾ ಬರೆಯುವುದನ್ನು ನಿಲ್ಲಿಸಿದರು. ಒಣಗಿದ ಗಾಯ ಹದಿಮೂರನೆಯ ದಿನ ಕಪ್ಪಾಗಿದೆ. ಸಲಿಕೆಗೆ ಅಷ್ಟು ತಾಳ್ಮೆ ಇರುತ್ತದೆಯೇ?

11.45ಕ್ಕೆ ಬೆಳಗಾವಿಯಿಂದ ಫೋನು ಬಂತು. ದುಂಡಪ್ಪನಿಗೆ ಚಿಕಿತ್ಸೆ ನೀಡಿದ ಆಸ್ಪತ್ರೆಯ ಪ್ರಯೋಗಾಲಯದ ಡಾಕ್ಟರ್ ಸಪ್ನಾ ಮಾತಾಡಿದರು. ಕಾಲಿನಿಂದ ತೆಗೆದ ಮಾಂಸದ ಚೂರಿನಲ್ಲಿ ಬೆಳೆದ ರೋಗಾಣು ಸಾಮಾನ್ಯದ್ದಲ್ಲ. ಹೆಸರು ಬರ್ಕೋಲ್ಡೇರಿಯಾ ಸೆಪೇಸಿಯಾ. ಮಣ್ಣು, ನೀರಿನಲ್ಲಿರುತ್ತದೆ, ಗಟ್ಟಿ ಜೀವದವರಿಗೆ ಏನೂ ಮಾಡುವುದಿಲ್ಲ. ಮೊದಲು ಪತ್ತೆಯಾಗಿದ್ದೇ ಕೊಳೆತ ಉಳ್ಳಾಗಡ್ಡಿಯಲ್ಲಿ. ನಾಳೆ ಬಂದರೆ ಉಳಿದದ್ದನ್ನು ಎದುರಿಗೇ ಹೇಳುತ್ತೇನೆ ಎಂದರು.

ಸೋಮಪ್ಪನಿಗೆ ಉಳ್ಳಾಗಡ್ಡಿ ಎಂಬ ಒಂದು ಶಬ್ದವೇ ಸಾಕಾಯಿತು. ದುಂಡಪ್ಪನ ಹೊಲದ ಶೆಡ್ಡಿನಲ್ಲಿ ಕಳೆದ ಹಂಗಾಮಿನ ಉಳ್ಳಾಗಡ್ಡಿ ಕೊಳೆಯುತ್ತಾ ಬಿದ್ದಿತ್ತು. ಬರಿಗಾಲಿನಲ್ಲಿ ಅದನ್ನು ಆರಿಸಿದ್ದಾರೆ, ಗಾಯಕ್ಕೆ ತಾಗಿದೆ, ಮುಗಿಯಿತು. ಆತ ಅರ್ಧ ಚೀಲ ಕೊಳೆತದ್ದನ್ನು ತುಂಬಿ, ಚೀಟಿ ಅಂಟಿಸಿ, ಮರುದಿನ ಜೀಪಿನ ಹಿಂದೆ ಹಾಕಿಕೊಂಡ. ಬೆಳಗಾವಿ ಮುಟ್ಟುವವರೆಗೆ ಪ್ರಣಿತಾ ಮೂಗಿಗೆ ಕರವಸ್ತ್ರ ಹಿಡಿದೇ ಕುಳಿತಿದ್ದರು. ಸಾಕ್ಷ್ಯ ಸಂಗ್ರಹಕ್ಕೆ ಅಡ್ಡಿ ಮಾಡಬಾರದಲ್ಲ.

ಡಾಕ್ಟರ್ ಸಪ್ನಾ ಚೀಲ ನೋಡಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ದುಂಡಪ್ಪಂದು ಮೂರನೇ ಕೇಸು ಮೇಡಂ. ಆಗಸ್ಟ್‌ನಾಗ ಶಟ್ಟೆವ್ವ ಅಂತ, ತೀರಿಹೋದ್ರು. ಸೆಪ್ಟೆಂಬರ್‌ನಾಗ ಶಂಕರೆಪ್ಪ, ದರ್ಜಿ. ಮೊಳಕಾಲ ಕೆಳಗ ಕಾಲು ತಗದ್ವಿ, ಉಳದ್ರು. ಮೂರೂ ಮಂದಿಗೆ ಶುಗರ್ ಇತ್ತು, ಮೂರೂ ಮಂದಿ ಕೆಂಚನಾಳದವರು."

"ಅವರೆಲ್ಲ ಉಳ್ಳಾಗಡ್ಡಿ ಮುಟ್ಟಿದವರೇನು?"

"ದರ್ಜಿ ಯಾಕ ಮುಟ್ತಾನ? ದವಾಖಾನಿಯವರು ಈ ಹುಳಕ್ಕ ಅಂಜೂದು ಉಳ್ಳಾಗಡ್ಡಿ ಸಲುವಾಗಿ ಅಲ್ಲ." ಅವರು ಮೇಜಿನ ಮೇಲಿನ ಬಾಟಲಿ ಎತ್ತಿ ತೋರಿಸಿದರು. "ಗಾಯ ತೊಳಿಯೂ ಔಷಧ. ಗಟ್ಟಿ ಇದ್ದಾಗ ಹುಳ ಕೊಲ್ಲತೈತಿ. ಇದಕ್ಕ ಕುದಿಸದ ನೀರು ಬೆರೆಸಿ, ಹತ್ತಿ ಎದ್ದಿ ದಿನಗಟ್ಟಲೆ ಇಟ್ರ, ಉಳದ ಹುಳ ಎಲ್ಲಾ ಸಾಯ್ತಾವ, ಇದೊಂದು ಅದರಾಗ ಬದುಕತೈತಿ. ಬೆಳೀತೈತಿ. ಅದರಿಂದ ಸಕ್ಕರಿ ಬ್ಯಾನಿಯವರ ಗಾಯ ಒರಸಿದ್ರ..."

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಶಂಕರೆಪ್ಪ ಮನಿಗೆ ಹೋಗೂ ದಿನ ನಾನ ಒಂದು ಚೀಟಿ ಬರದು ಕೊಟ್ಟಿದ್ದೆ. ಪಟ್ಟಿ ಕಟ್ಟೂವವರಿಗೆ ಕೊಡ್ರಿ ಅಂತ. ಇದ್ದ ಔಷಧ ಎಲ್ಲಾ ಚೆಲ್ಲಿಬಿಡ್ರಿ, ಸ್ವಲ್ಪ ನಮಗ ಕಳಸ್ರಿ ಅಂತ ಬರದಿದ್ದೆ. ಯಾರೂ ಕಳಸಲಿಲ್ಲ."

ಹಿಂತಿರುಗುವಾಗ, ಬೈಲಹೊಂಗಲ ದಾಟಿದ ಮೇಲೆ ಸೋಮಪ್ಪ ಮೆಲ್ಲಗೆ ಹೇಳಿದ:

"ಕೆಂಚನಾಳದಾಗ ಪಟ್ಟಿ ಕಟ್ಟೂದು ಒಬ್ಬರ ಮೇಡಂ. ನಿಜಗುಣಪ್ಪ ಕಾಕಾ. ಸರಕಾರಿ ದವಾಖಾನಿಯಾಗ ಮೂವತ್ತಾರು ವರ್ಷ ಡ್ರೆಸ್ಸರ್ ಇದ್ದವರು. ಈಗ ಮನಿ ಕಟ್ಟಿ ಮ್ಯಾಲೆ ದಿನಾ ನಾಕಕ್ಕ ಕುಂತು ಸಕ್ಕರಿ ಬ್ಯಾನಿಯವರ ಕಾಲು ತೊಳಿತಾರ. ಒಂದ ಪೈಸೆ ಮುಟ್ಟಂಗಿಲ್ಲ. ದೇವರಂಥಾ ಮನಶ್ಯಾ."

"ದೇವರು ಅಂತ ಎಫ್‌ಐಆರ್‌ನಾಗ ಬರಿಯಾಕ ಬರಂಗಿಲ್ಲ, ಸೋಮಪ್ಪ."

ಮಾತು ಹೊರಬಿದ್ದ ಮೇಲೆ ಪ್ರಣಿತಾಗೆ ತಮ್ಮ ಬಗ್ಗೆಯೇ ಬೇಸರವಾಯಿತು. ಆತನೇನು ತಪ್ಪು ಹೇಳಿರಲಿಲ್ಲ.

ನವೆಂಬರ್ 20, ಗುರುವಾರ. ಶಂಕರೆಪ್ಪ ಈಗ ಮುನವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ. ಕಾಲಿಲ್ಲದ ಮೇಲೆ ಪೆಡಲಿನ ಹೊಲಿಗೆ ಯಂತ್ರ ಬಿಟ್ಟು, ಕೈಯಿಂದ ಗುಂಡಿ ಹಚ್ಚಿಕೊಡುತ್ತಿದ್ದ. ಬೆಳಿಗ್ಗೆ 10.15ಕ್ಕೆ ಹೇಳಿಕೆ ದಾಖಲಿಸಿಕೊಂಡರು.

"ಡಾಕ್ಟರ್ ಕೊಟ್ಟ ಚೀಟಿ ಏನು ಮಾಡಿದ್ರಿ?"

"ನಿಜಗುಣಪ್ಪಗ ಕೊಟ್ಟೆ."

"ಓದಿದ್ರೇನು ಅವರು?"

"ಕನ್ನಡಕ ಹಾಕ್ಕೊಂಡು ಎರಡ ಸಲ ಓದಿದ್ರು. ಮಡಚಿ ಕಿಸೆದಾಗ ಇಟಗೊಂಡ್ರು."

"ಏನಂದ್ರು?"

"ಏನೂ ಅನ್ನಲಿಲ್ಲ. ನನ್ನ ಇನ್ನೊಂದ ಕಾಲು ತೊಳದ್ರು." ಶಂಕರೆಪ್ಪ ಸೂಜಿ ಕೆಳಗಿಟ್ಟ. "ಅವರ ಮ್ಯಾಲೆ ಏನರ ಬರ್ಯಾಕ ಹತ್ತೀರೇನ್ರಿ? ನನ್ನ ಸಹಿ ಬ್ಯಾಡ ಹಂಗಾರ. ನನ್ನ ಮಗಾ ಮೂಗು ಮುಚ್ಚಿಕೊಂಡು ಹೊರಗ ನಿಂದ್ರತಿದ್ದ. ಆ ಮನಶ್ಯಾ ಆ ಕಾಲು ತೊಡಿ ಮ್ಯಾಲೆ ಇಟಗೊಂಡಾರ."

ಅದನ್ನೂ ಹೇಳಿಕೆಯಲ್ಲಿ ಸೇರಿಸಿ ಬರೆಯುತ್ತೇನೆ ಎಂದು ಪ್ರಣಿತಾ ಮಾತು ಕೊಟ್ಟ ಮೇಲೆ ಸಹಿಯಾಯಿತು.

ಅದೇ ದಿನ ಸಂಜೆ 4 ಗಂಟೆ. ಜೀಪನ್ನು ಕೆರೆಯ ಹತ್ತಿರ ಬಿಟ್ಟು ಇಬ್ಬರೂ ನಡೆದು ಬಂದರು. ನಿಜಗುಣಪ್ಪನ ಮನೆಯ ಮುಂದಿನ ಕಟ್ಟೆಯ ಮೇಲೆ ಏಳು ಜನ ಸಾಲಾಗಿ ಕುಳಿತಿದ್ದರು. ಅರವತ್ತೆಂಟು ವರ್ಷದ ನಿಜಗುಣಪ್ಪನವರದು ಬಿಳಿ ನೆಹರು ಶರ್ಟು, ಬಿಳಿ ಧೋತರ, ಕತ್ತರಿಸಿದ ಉಗುರು, ಎಲ್ಲ ಅಚ್ಚುಕಟ್ಟು. ಮುಂದೆ ಒಂದು ಅಗಲವಾದ ಹಿತ್ತಾಳೆಯ ಪರಾತ, ಹರಿದು ಸುತ್ತಿಟ್ಟ ಪಟ್ಟಿಗಳು, ಉಪ್ಪಿನಕಾಯಿ ಹಾಕುವಂಥ ಕಂದು ಕೊರಳಿನ ಪಿಂಗಾಣಿ ಭರಣಿ. ಭರಣಿಯ ತುಂಬ ತಿಳಿಹಳದಿ ನೀರು, ಅದರಲ್ಲಿ ಹತ್ತಿಯ ಉಂಡೆಗಳು.

ಆಗ ಅವರ ಮುಂದೆ ಕೂತಿದ್ದವಳು ಕೃಷ್ಣವ್ವ, ಊರ ಹೊರಗಿನ ಓಣಿಯ ಎಪ್ಪತ್ತರ ಮುದುಕಿ. ನಿಜಗುಣಪ್ಪ ಅವಳ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದು ಸಂದು ಒರೆಸುತ್ತ, ಮಗುವಿನ ಹತ್ತಿರ ಮಾತಾಡುವ ಹಾಗೆ ಏನೋ ಹೇಳುತ್ತಿದ್ದರು. ಪ್ರಣಿತಾ ಬೆಳೆದದ್ದು ಅಂಥದೇ ಓಣಿಯಲ್ಲಿ. ಅವರ ಅಜ್ಜಿಯ ಕಾಲು ಹಿಂದಿನ ಕೋಣೆಯಲ್ಲಿ ಕೊಳೆಯುತ್ತಿದ್ದಾಗ ದವಾಖಾನೆಯ ಡ್ರೆಸ್ಸರ್ ಹೊಸ್ತಿಲ ಆಚೆ ನಿಂತು ಹತ್ತಿ ಎಸೆದು ಹೋಗಿದ್ದ. ಈ ಮನುಷ್ಯನ ಕೈಯನ್ನು ನೋಡುತ್ತ ಅವರಿಗೆ ಎದೆ ತುಂಬಿ ಬಂತು, ಆ ಕೈಯಲ್ಲಿದ್ದ ಹತ್ತಿ ಕಂಡದ್ದೇ ಮುಂದೆ ಹೆಜ್ಜೆ ಇಟ್ಟರು.

"ಅಜ್ಜಾರ, ಒಂದ ನಿಮಿಷ ನಿಲ್ಲಸ್ರಿ."

"ಇಕೀದು ಒಂದ ಮುಗಸ್ತೇನಿ, ತಡೀರಿ."

"ಈಗ ನಿಲ್ಲಸ್ರಿ."

ನಿಜಗುಣಪ್ಪ ಹತ್ತಿಯನ್ನು ಪರಾತಕ್ಕೆ ಹಾಕಿದರು.

"ಈ ಔಷಧ ಯಾವಾಗ ಮಾಡಿದ್ದು?"

"ದಿನಾ ಮಾಡತೇನ್ರಿ. ಮಣ್ಣಿನ ಹರವಿ ನೀರು ಹಂಗ ತಗೊಂಡು ಔಷಧ ಬೆರಿಸಿ ಭರಣಿಗೆ ಹಾಕತೇನಿ."

"ಹಳೇದು ಚೆಲ್ಲಿ ಹಾಕತೀರೇನು?"

"ಚೆಲ್ಲೂದ್ಯಾಕ? ಮ್ಯಾಲೆ ಹಾಕತೇನಿ."

"ಭರಣಿ ಕಡೀಕ ತೊಳದದ್ದು ಯಾವಾಗ?"

ನಿಜಗುಣಪ್ಪ ಭರಣಿಯ ಕೊರಳು ಸವರಿದರು. "ಇದು ನಮ್ಮಾಕಿ ಭರಣಿ. ನಮ್ಮ ಮನ್ಯಾಗ ಭರಣಿ, ಡಬ್ಬಿ ಯಾವುದೂ ಬರಿದು ಮಾಡೂ ಪದ್ಧತಿ ಇಲ್ಲ. ಅಕ್ಕಿ ಇರಲಿ, ಉಪ್ಪ ಇರಲಿ, ತಳಕ್ಕ ಒಂದಿಷ್ಟ ಉಳಿಸಿ ಮ್ಯಾಲೆ ತುಂಬೂದು. ಆಕಿ ಹಂಗ ಮಾಡತಿದ್ಲು, ನಾನೂ ಹಂಗ ಮಾಡತೇನಿ. ಐದು ವರ್ಷಾತು, ಒಂದ ದಿನ ಇದು ಬರಿದಾಗಿಲ್ಲ."

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಈ ಭಾಗದ ಯಾವ ಮನೆಗೆ ಹೋದರೂ ಅಕ್ಕಿಯ ಡಬ್ಬಿಯ ತಳ ಕಾಣದಂತೆ ನೋಡಿಕೊಳ್ಳುವ ಹೆಂಗಸರಿದ್ದಾರೆ; ಪ್ರಣಿತಾ ಅವರ ತಾಯಿಯೂ ಒಬ್ಬರು. ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ಸ್ಟೀಲ್ ಡ್ರಮ್ಮುಗಳನ್ನು ದಿನವೂ ಕುದಿಸಿ ಬೋರಲು ಹಾಕುತ್ತಿದ್ದ ಮನುಷ್ಯ, ಅಡುಗೆಮನೆಯ ಭರಣಿಗೆ ಅಡುಗೆಮನೆಯ ನಿಯಮವನ್ನೇ ಪಾಲಿಸಿದ್ದರು.

"ನಿಮ್ಮಾಕಿ ಎಲ್ಲಿ?"

"ಬಸಲಿಂಗವ್ವ ಹೋಗಿ ನಾಕು ವರ್ಷಾತು. ಆಕೀಗೂ ಕಾಲು. ಆಕಿ ಹ್ವಾದ ಮ್ಯಾಲೆ ಕೈ ಸುಮ್ಮನಿರವಲ್ದಾತು. ಊರವರ ಕಾಲು ಹಿಡಕೊಂಡು ಕುಂತೇನಿ."

ಭರಣಿ ಜಪ್ತಿಗೆ ಪಂಚರು, ಸಾಕ್ಷಿಯಾಗಿ ಸಹಿ ಹಾಕುವವರು, ಬೇಕು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು, ಸಹಿಗೆ ಅಲ್ಲ, ಹೋಗಲಿಕ್ಕೆ. ಸೋಮಪ್ಪ ಓಣಿಯಲ್ಲೆಲ್ಲ ತಿರುಗಿ ಬಂದ. ಕಿರಾಣಿ ಅಂಗಡಿಯವನು ಬಾಗಿಲು ಹಾಕಿಕೊಂಡ. ಇನ್ನೊಬ್ಬ ತನಗೆ ಓದು ಬರುವುದಿಲ್ಲ ಎಂದ, ಕೈಯಲ್ಲಿ ಪೇಪರು ಹಿಡಿದೇ. ಕೊನೆಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮತ್ತು ಮುರಗೋಡದಿಂದ ಬಂದುಹೋಗುವ ಒಬ್ಬ ಮಾಸ್ತರರು ಸರಕಾರಿ ನೌಕರಿಯ ಭಯಕ್ಕೆ ಒಪ್ಪಿದರು. 5.25ಕ್ಕೆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಅರಗಿನ ಮೊಹರು ಹಾಕಿ, ಪಂಚನಾಮೆ ಮುಗಿಸಿದರು.

"ಪರೀಕ್ಷೆ ಆಗಿ ಬರೂತನಕ ಯಾರ ಕಾಲೂ ಮುಟ್ಟಬ್ಯಾಡ್ರಿ," ಎಂದರು ಪ್ರಣಿತಾ.

"ನಾವೆಲ್ಲಿ ಹೋಗಬೇಕವಾ?" ಕೇಳಿದವಳು ಅರ್ಧ ಒರೆಸಿದ ಪಾದವನ್ನು ಚಾಚಿಕೊಂಡೇ ಕುಳಿತಿದ್ದ ಕೃಷ್ಣವ್ವ. "ನನ್ನ ಕಾಲು ನೀ ತೊಳಿತಿಯೇನವಾ?"

ಪ್ರಣಿತಾ ಆ ಸಂಜೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ, ಮರುದಿನದಿಂದ ನರ್ಸ್ ಒಬ್ಬರು ಊರಿಗೆ ಬರುವಂತೆ ಮಾಡಿದರು. ಏಳೂ ಜನರನ್ನು ತಪಾಸಣೆಗೆ ಕಳಿಸಿದರು.

ನವೆಂಬರ್ 25, ಮಂಗಳವಾರ, ಬೆಳಿಗ್ಗೆ 11.30. ವರದಿ ಬಂತು. ಭರಣಿಯ ನೀರಿನಲ್ಲೂ ಅದೇ ರೋಗಾಣು, ಹೇರಳವಾಗಿ. ಯಾವ ಮದ್ದಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಲಕ್ಷಣವೂ ಮೂವರು ರೋಗಿಗಳದ್ದಕ್ಕೆ ಸರಿಯಾಗಿ ಹೊಂದುತ್ತಿತ್ತು. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದರೂ ತಮಗೆ ಸಂಶಯವಿಲ್ಲ ಎಂದು ಡಾಕ್ಟರ್ ಸಪ್ನಾ ಬರೆದಿದ್ದರು. ತಪಾಸಣೆಗೆ ಹೋದ ಏಳು ಜನರಲ್ಲಿ ಕೃಷ್ಣವ್ವನ ಗಾಯದಲ್ಲಿ ಮಾತ್ರ ಸೋಂಕು ಆಗತಾನೇ ಹಿಡಿದಿತ್ತು. ಅವಳನ್ನು ಭರ್ತಿ ಮಾಡಿಕೊಂಡಿದ್ದರು. ಕಾಲು ಉಳಿಯುತ್ತದೆ ಎಂದಿದ್ದರು.

ಸಚಿನನನ್ನು ಕರೆಸಿದರು. ಆತ ಎಲ್ಲವನ್ನೂ ಕೇಳಿಸಿಕೊಂಡ.

"ಸುಳ್ಳು. ನೀಲಪ್ಪ ಕಾಕಾನ್ನ ಉಳಸಾಕ ಹತ್ತೀರಿ."

"ವರದಿ ಓದು."

ಓದಿದ. ಹಾಳೆ ಮಡಚಿ ಮೇಜಿನ ಮೇಲಿಟ್ಟ. "ಅಪ್ಪ ಬ್ಯಾಡ ಅಂದಿದ್ದ್ರಿ. ಒಣಗೈತಿ, ಸಾಕು ಬಿಡೋ ಅಂದ. ನಾನ... ನಾನ ಬೈದು ಗಾಡಿ ಹತ್ತಿಸೀನಿ."

ಸೋಮಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

ನೀಲಪ್ಪನ ಮೇಲಿನ 105ನೇ ಕಲಂ ಕೈಬಿಟ್ಟು, ಹೊಡೆದು ಗಾಯಗೊಳಿಸಿದ ಆರೋಪವನ್ನಷ್ಟೇ ಉಳಿಸುವಂತೆ ಸವದತ್ತಿಯ ನ್ಯಾಯಾಲಯಕ್ಕೆ ವರದಿ ಹೋಯಿತು. ಮರುದಿನ ಸುದ್ದಿ ಹೇಳಲು ಸೋಮಪ್ಪನೇ ಜೈಲಿಗೆ ಹೋದ. ನೀಲಪ್ಪ ಕುಣಿದಾಡಲಿಲ್ಲ. ನಾ ಹೊಡೀದಿದ್ರ ಅವ ಆ ಕಟ್ಟಿಗೆ ಹೋಗತಿರಲಿಲ್ಲಲ್ಲ ಎಂದನಂತೆ. ಆದರೆ ಅವತ್ತು ರೊಟ್ಟಿ ಮುರಿದ.

ವರದಿ ಬಂದ ದಿನವೇ, ಮಧ್ಯಾಹ್ನ 3.40ಕ್ಕೆ ಪೊಲೀಸರು ಕೆಂಚನಾಳ ಮುಟ್ಟಿದರು. ನಿಜಗುಣಪ್ಪ ಸ್ನಾನ ಮಾಡಿ, ಬಿಳಿ ಬಟ್ಟೆ ತೊಟ್ಟು ಖಾಲಿ ಕಟ್ಟೆಯ ಮೇಲೆ ಕುಳಿತಿದ್ದರು. ಪ್ರಣಿತಾ ವರದಿಯನ್ನು ಅವರ ಕೈಗೇ ಕೊಟ್ಟರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕಿಸೆಯಿಂದ ಇನ್ನೊಂದು ಕಾಗದ ತೆಗೆದು ಅದರ ಮೇಲಿಟ್ಟು ಹಿಂದಿರುಗಿಸಿದರು. ಡಾಕ್ಟರ್ ಸಪ್ನಾ ಸೆಪ್ಟೆಂಬರ್‌ನಲ್ಲಿ ಬರೆದ ಚೀಟಿ. ಮಡಿಕೆಗಳಲ್ಲಿ ಹರಿಯುವಷ್ಟು ಸವೆದಿತ್ತು.

"ನಡೀರಿ," ಎಂದು ತಾವೇ ಮೊದಲು ಎದ್ದರು.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದದ್ದು, 106ನೇ ಕಲಂ. ಶಂಕರೆಪ್ಪನ ಕಾಲಿಗೆ 125. ಜಾಮೀನು ಸಿಗುವ ಕಲಂಗಳು. ಠಾಣೆ ಮುಟ್ಟುವಷ್ಟರಲ್ಲಿ ಕೆಂಚನಾಳದಿಂದ ಒಂದು ಟಂಟಂ ಗಾಡಿಯ ತುಂಬ ಜನ ಹೊಲದ ಪಹಣಿ ಉತಾರ ಹಿಡಿದು ಜಾಮೀನಿಗೆ ಬಂದು ನಿಂತಿದ್ದರು. ಐದು ದಿನದ ಹಿಂದೆ ಒಂದು ಸಹಿಗೆ ಸಿಗದ ಊರು, ಈಗ ಸಹಿಗೆ ಪಾಳಿ ಹಚ್ಚಿ ನಿಂತಿತ್ತು.

ಒಳಗೆ ಪ್ರಣಿತಾ ಮೊದಲೇ ಎಚ್ಚರಿಸಿದರು. "ಪೊಲೀಸರ ಮುಂದ ಒಪ್ಪಿಕೊಂಡಿದ್ದು ಕೋರ್ಟಿನಾಗ ನಡೆಯಂಗಿಲ್ಲ. ನೀವು ಹೇಳಬೇಕಂತಿಲ್ಲ, ಅಜ್ಜಾರ."

"ಕೋರ್ಟಿಗೆ ಹೇಳಾಕ ಹತ್ತಿಲ್ರಿ. ನಿಮಗ ಹೇಳತೇನಿ."

"ಚೀಟಿ ಓದಿದಾಗ ತಿಳೀಲಿಲ್ಲೇನು?"

"ತಿಳೀತು. ಮೂವತ್ತಾರು ವರ್ಷ ಅದ ಕೆಲಸ ಮಾಡೇನಿ, ತಿಳಿಯದ ಏನು? ಓದಿದ ಕೂಡಲೇ ತಿಳೀತು."

"ಮತ್ತ ಯಾಕ ಚೆಲ್ಲಲಿಲ್ಲ?"

ನಿಜಗುಣಪ್ಪ ತಮ್ಮ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡರು.

"ಚೆಲ್ಲಾಕ ಎರಡ ಸಲ ಎದ್ದೇನ್ರಿ. ಭರಣಿ ಎತ್ತಿ ಹಿತ್ತಲದ ಮಟಾ ಒಯ್ದೇನಿ. ಬಸಲಿಂಗವ್ವನ ಕಾಲು ನಾ ಹದಿನಾಕು ತಿಂಗಳ ಅದರಾಗಿನ ನೀರಿಲೆ ತೊಳದೇನಿ. ಆಕೀದೂ ಹಿಂಗ ನಾಕ ದಿನದಾಗ ಕರ್ರಗಾತು. ಭರಣಿ ಚೆಲ್ಲಿದ್ರ, ಆಕೀನ್ನ ನಾನ ಕೊಂದೆ ಅಂತ ಒಪ್ಪಿಕೊಂಡಂಗ. ಚೆಲ್ಲದಿದ್ರ, ಸಕ್ಕರಿ ಬ್ಯಾನಿ ಕೊಂದಂಗ. ಹಿತ್ತಲದಾಗ ನಿಂತು ನಿಂತು ತಿರಗಿ ತಂದು ಇಟ್ಟೆ. ಮರುದಿನ ನಾಕಕ್ಕ ಮಂದಿ ಬಂದ್ರು."

"ದುಂಡಪ್ಪ ಬಂದ್ರು."

"ಬಂದ. ಅವನ ಗಾಯ ಒಣಗಿತ್ತು. ಬರಬ್ಯಾಡ ಅಂದಿದ್ರ ಬದುಕತಿದ್ದ. ನನಗ ನಂದ ಚಿಂತಿ ಇತ್ತು."

ಹೊರಗೆ ಜನರ ಗುಜುಗುಜು ಕೇಳುತ್ತಿತ್ತು. ಪ್ರಣಿತಾಗೆ ಸಿಟ್ಟು ಬರಬೇಕಾಗಿತ್ತು, ಬಂದೂ ಇತ್ತು. ಅದರ ಜೊತೆಗೇ ಈ ಮುದುಕನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡಲಾಗದೆ ಅವರು ಬಂಧನದ ಮೆಮೊ ತುಂಬತೊಡಗಿದರು. ಮೃತರ ಹೆಸರು: ಶಟ್ಟೆವ್ವ, ದುಂಡಪ್ಪ. ಗಾಯಾಳು: ಶಂಕರೆಪ್ಪ, ಕೃಷ್ಣವ್ವ. ಓದಿ ಸಹಿ ಮಾಡಿ ಎಂದು ಹಾಳೆಯನ್ನು ಮುಂದೆ ಸರಿಸಿದರು.

ನಿಜಗುಣಪ್ಪ ಓದಿದರು. ಸಹಿ ಮಾಡಲಿಲ್ಲ.

"ಒಂದು ಹೆಸರು ಬಿಟ್ಟೈತ್ರಿ."

"ಅವರದು ರಿಪೋರ್ಟ್ ಇಲ್ಲ, ಅಜ್ಜಾರ. ನಾಕು ವರ್ಷದ ಹಿಂದಿನ ಮಾತು. ಇದರಿಂದನ ಹೋದ್ರು ಅಂತ ಈಗ ಯಾರೂ ಹೇಳಾಕ ಬರಂಗಿಲ್ಲ."

"ಇದರಿಂದ ಅಲ್ಲ ಅಂತ ಹೇಳಾಕ ಬರತೈತೇನ್ರಿ?"

ಪ್ರಣಿತಾ ಸುಳ್ಳು ಹೇಳಬಹುದಿತ್ತು, ಆ ಮುದುಕನೆದುರು ನಾಲಿಗೆ ಏಳಲಿಲ್ಲ.

"ಬರಂಗಿಲ್ಲ," ಎಂದರು.

ನಿಜಗುಣಪ್ಪ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಆಮೇಲೆ ಮೃತರ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ, ವಾರ್ಡಿನ ರಿಜಿಸ್ಟರಿನಲ್ಲಿ ರೋಗಿಗಳ ಹೆಸರು ಬರೆದು ಬರೆದು ಪಳಗಿದ ದುಂಡು ಅಕ್ಷರದಲ್ಲಿ, ನಿಧಾನವಾಗಿ ಬರೆದರು: ಬಸಲಿಂಗವ್ವ, ವಯಸ್ಸು 59, ಕೆಂಚನಾಳ.

ಸೋಮಪ್ಪ ಬಗ್ಗಿ ನೋಡಿದ. "ಮೇಡಂ, ಮೆಮೊ ಕೆಟ್ಟಿತು. ಬ್ಯಾರೆ ಫಾರ್ಮ್ ತರಲೇನು?"

"ಬ್ಯಾಡ, ಇರಲಿ," ಎಂದು ಪ್ರಣಿತಾ ಠಾಣೆಯ ಮೊಹರು ಎಳೆದುಕೊಂಡು ಆ ಹೆಸರಿನ ಪಕ್ಕ ಒತ್ತಿದರು. ವೇಳೆ ಸಂಜೆ 6.05 ಎಂದು ಬರೆದರು.